ಇನ್ನೂರ ಅರವತ್ನಾಲ್ಕು ಮೊಳೆ

ಶನಿವಾರ ಮಂಡ್ಯದ ಆಫೀಸಿಗೆ ಕಾಗದಗಳನ್ನು ಒಪ್ಪಿಸಿ ಹೊರಬರುವ ಹೊತ್ತಿಗೆ ಮಳವಳ್ಳಿಯ ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಅಂದು ಅಲ್ಲೇ ಉಳಿದೆ. ಭಾನುವಾರ ಬೆಳಗ್ಗೆ ಬಸ್ಸಿಗೆ ಇನ್ನೂ ಎರಡು ಗಂಟೆ ಇದ್ದುದರಿಂದ ಮೈದಾನದ ಕಡೆ ನಡೆದೆ. ಕಾಲು ತಾನಾಗಿ ಅತ್ತ ತಿರುಗಿತು ಎಂದು ಬರೆಯಬಹುದು. ಆದರೆ ಬೇಕೆಂದೇ ತಿರುಗಿಸಿದವನು ನಾನು. ಅಲ್ಲಿ ಕಾಲಿಟ್ಟು ಒಂದು ವರ್ಷ ಒಂಬತ್ತು ತಿಂಗಳಾಗಿತ್ತು. ಕಬ್ಬು ಅರೆಯುವ ಕಾಲ. ಊರಿಗೆಲ್ಲ ಕಾಕಂಬಿಯ ವಾಸನೆ ಕವಿದಿತ್ತು. ಮೈದಾನದ ಅಂಚಿಗೆ ಬಂದಾಗ ಅದರ ಒಳಗಿಂದ ಇನ್ನೊಂದು ವಾಸನೆ ಬಂತು, ನೀರು ಕುಡಿದ ತೆಂಗಿನ ನಾರಿನದು. ಯಾರೋ ಪಿಚ್ಚಿನ ಮೇಲೆ ನಾರಿನ ಚಾಪೆ ಹಾಸಿ ನೀರು ಚಿಮುಕಿಸಿದ್ದರು. ಆ ವಾಸನೆಗೆ ಬೇರೆಯವರಿಗೆ ಏನು ನೆನಪಾಗುತ್ತದೋ ನನಗೆ ಗೊತ್ತಿಲ್ಲ. ನನಗೆ ಹಲ್ಲು ಕಚ್ಚುವಷ್ಟು ಸಿಟ್ಟು ಬಂತು. ಸಿಟ್ಟು ಇನ್ನೂ ಹಳಸಿಲ್ಲವೆಂದು ತಿಳಿದು ಸ್ವಲ್ಪ ಸಂತೋಷವೂ ಆಯಿತು.

ಆ ಚಾಪೆಯ ವರ್ಷ, ಮಹಾಯುದ್ಧದ ಕೊನೆಯ ವರ್ಷ, ನನಗೆ ಇಪ್ಪತ್ತೊಂದು. ಹುಟ್ಟೂರು ಬೆಸಗರಹಳ್ಳಿ. ಹೈಸ್ಕೂಲು ಮುಗಿಸಿ ಮಂಡ್ಯದ ನಾಲೆ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಬೆಳಗ್ಗೆ ಏಳಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ತೂಬಿನ ಹತ್ತಿರ ಹೋಗಿ, ಅಳತೆಯ ಕಲ್ಲಿನ ಮೇಲೆ ನೀರು ಎಷ್ಟು ಅಡಿ ಎಷ್ಟು ಅಂಗುಲ ನಿಂತಿದೆ ಎಂದು ನೋಡಿ ಬರೆಯುವುದು ನನ್ನ ಕೆಲಸ. ನೀರು ಇಳಿದರೂ ಏರಿದರೂ ನಾನು ಬರೆದದ್ದೇ ಲೆಕ್ಕ. ಆ ಅಭ್ಯಾಸ ನನ್ನ ಕೋಣೆಗೂ ಬಂತು. ಯಾವ ತಾರೀಖು ಮಂಜು ಎಷ್ಟು ಹೊತ್ತಿಗೆ ಬಿಟ್ಟಿತು, ಯಾವ ಹೋಟೆಲಿನಲ್ಲಿ ಇಡ್ಲಿ ಹುಳಿ ಬಂದಿತ್ತು, ಭಾನುವಾರ ಮೈದಾನದಲ್ಲಿ ಎಷ್ಟು ಚೆಂಡು ಹಾಕಿದೆ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಈಗ ಬರೆಯುತ್ತಿರುವುದೂ ಅದನ್ನು ಮುಂದಿಟ್ಟುಕೊಂಡೇ.

ಮೈದಾನ ಸಾರ್ವಜನಿಕರದು. ಬೆಳಗ್ಗೆ ಎಮ್ಮೆಗಳು ದಾಟುತ್ತಿದ್ದವು, ಸಂಜೆ ವಯಸ್ಸಾದವರು ನಡೆದಾಡುತ್ತಿದ್ದರು, ಭಾನುವಾರ ಮಾತ್ರ ನಮ್ಮದು. ನಮ್ಮ ತಂಡದಲ್ಲಿ ಗುಮಾಸ್ತರು, ಇಬ್ಬರು ಅಂಗಡಿಯವರು, ಒಬ್ಬ ಕಾಂಪೌಂಡರು, ಉಳಿದವರು ಹೊಲಗದ್ದೆಯವರ ಮಕ್ಕಳು. ನಾಯಕ ತಿಮ್ಮರಾಜು. ನನಗಿಂತ ಮೂರು ವರ್ಷ ದೊಡ್ಡವನು. ಊರಾಚೆ ಅವನ ತಂದೆಗೆ ಹನ್ನೆರಡು ಎಕರೆ ಕಬ್ಬು. ಎತ್ತರದ ಆಳು, ಮಣಿಕಟ್ಟು ಗಟ್ಟಿ. ಚೆಂಡನ್ನು ಹೊಡೆದರೆ ಹೊಂಗೆಮರಗಳ ಆಚೆ ಬೀಳುತ್ತಿತ್ತು. ಅವನನ್ನು ನಾವೆಲ್ಲ ತಿಮ್ಮಣ್ಣ ಎನ್ನುತ್ತಿದ್ದೆವು.

ಆಟವಿದ್ದದ್ದು ಚಾಪೆಯ ಮೇಲೆ. ಮೈದಾನದ ನೆಲ ಬರೀ ಕಲ್ಲುಮಣ್ಣು. ಇಪ್ಪತ್ತೆರಡು ಗಜದ ನಾರಿನ ಚಾಪೆಯನ್ನು ಅದರ ಮೇಲೆ ಎಳೆದು ಮೊಳೆ ಹೊಡೆದರೆ ಮಾತ್ರ ಚೆಂಡು ನೇರವಾಗಿ ಏಳುತ್ತದೆ. ಆ ಚಾಪೆ ಒಬ್ಬ ಆಳಿಗಿಂತ ಭಾರ. ಹಿಂದಿನ ಸಂಜೆ ನೀರು ಹಾಕಿಡಬೇಕು, ಬೆಳಗಿನ ಜಾವ ಬಿಚ್ಚಬೇಕು, ಸುಕ್ಕು ಉಳಿಯದ ಹಾಗೆ ಎಳೆಯಬೇಕು, ಒಂದೊಂದು ಕಡೆಗೆ ಹನ್ನೆರಡರಂತೆ ಗೇಣುದ್ದದ ಇಪ್ಪತ್ನಾಲ್ಕು ಮೊಳೆ ಬಡಿಯಬೇಕು. ಆಟ ಮುಗಿದ ಮೇಲೆ ಅಷ್ಟನ್ನೂ ಕೀಳಬೇಕು. ಇದನ್ನು ಯಾರೂ ಇಷ್ಟಪಟ್ಟು ಮಾಡುವುದಿಲ್ಲ. ಆದ್ದರಿಂದ ನಮ್ಮಲ್ಲಿ ಒಂದು ಪದ್ಧತಿಯಿತ್ತು: ತಂಡಕ್ಕೆ ಹೊಸದಾಗಿ ಸೇರುವವನು ಒಂದು ಹಂಗಾಮು ಪೂರ್ತಿ ಚಾಪೆ ಹಾಸಬೇಕು, ಹಂಗಾಮಿನ ದೊಡ್ಡ ಪಂದ್ಯದಲ್ಲಿ ಅವನಿಗೆ ಜಾಗ. ತಿಮ್ಮರಾಜು ತಾನೂ ಹಾಗೇ ಸೇರಿದವನು. ಡಿಸೆಂಬರ್ ಮೊದಲ ವಾರ ನನ್ನ ಹೆಗಲ ಮೇಲೆ ಕೈಹಾಕಿ ಹೇಳಿದ್ದ.

"ಮಾರ್ಚಿ ತಿಂಗ್ಳು ಮಳವಳ್ಳಿಯವ್ರು ಬತ್ತಾರೆ ಕಣ್ಲಾ ನಂಜ. ಅಲ್ಲೀಗಂಟ ಚಾಪೆ ನಿಂದು. ಅವತ್ತು ಚೆಂಡು ನಿನ್ ಕೈಲಿ."

ನಾನು ನಿಧಾನವಾಗಿ ತಿರುಗುವ ಚೆಂಡು ಹಾಕುತ್ತಿದ್ದೆ. ಚಾಪೆಯ ಮೇಲೆ ಅದು ಹಾವಿನ ಹಾಗೆ ಒಳಗೆ ಬರುತ್ತಿತ್ತು. ಇದು ಜಂಬವಲ್ಲ, ಲೆಕ್ಕವಿದೆ: ಆ ಹಂಗಾಮಿನ ಅಭ್ಯಾಸದಲ್ಲಿ ನಲವತ್ತೊಂದು ವಿಕೆಟ್ಟು.

ಡಿಸೆಂಬರ್ ಹತ್ತನೇ ತಾರೀಖು ಮೊದಲ ಸಲ ಹಾಸಿದೆ. ನಾಲೆಯ ಮೇಲಿನ ಮಂಜು ಕಬ್ಬಿನ ಗದ್ದೆಗಳನ್ನು ದಾಟಿ ಮೈದಾನದವರೆಗೂ ಬಂದು ನಿಲ್ಲುತ್ತಿದ್ದ ದಿನಗಳು. ಮೊಳೆ ಹಿಡಿದ ಬೆರಳು ಮರಗಟ್ಟಿ, ಸುತ್ತಿಗೆ ತಪ್ಪಿ ಬಿದ್ದದ್ದು ಆರು ಸಲ. ಜೊತೆಗಿದ್ದವನು ಮಾದಪ್ಪ ಒಬ್ಬನೇ. ಬೀದಿಗೆ ನೀರು ಹಾಕುವ ಕೆಲಸದವನು, ಅರವತ್ತರ ಹತ್ತಿರದ ಮುದುಕ. ಕ್ರಿಕೆಟ್ಟೆಂದರೆ ಅವನಿಗೆ ತಮಾಷೆ.

"ಅಲ್ಲ ಕಣಪ್ಪ, ಹನ್ನೊಂದು ಜನ ನಿಂತ್ಕಂಡು ಒಬ್ಬನ್ನ ಬಡೀತೀರ. ಅವ್ನು ಓಡೋಗ್ದೆ ಅಲ್ಲೇ ನಿಂತಿರ್ತಾನಲ್ಲ, ಅವನಿಗೆ ಬುದ್ಧಿ ಬ್ಯಾಡ್ವಾ?"

"ಅವ್ನು ಓಡಿದ್ರೆ ರನ್ನು, ಮಾದಪ್ಪ."

"ಓಡಿ ಎಲ್ಲಿಗೆ ಓಯ್ತಾನೆ, ತಿರ್ಗಾ ಅಲ್ಲಿಗೇ ಬತ್ತಾನೆ."

ಸಂಕ್ರಾಂತಿ ಭಾನುವಾರವೇ ಬಂತು, ಅವತ್ತು ಆಟವಿರಲಿಲ್ಲ. ಶಿವರಾತ್ರಿಯೂ ಭಾನುವಾರವೇ, ಅವತ್ತು ಉಪವಾಸದಲ್ಲಿ ಹಾಸಿದೆ. ಫೆಬ್ರವರಿ ಕೊನೆಯ ಭಾನುವಾರಕ್ಕೆ ಒಟ್ಟು ಹನ್ನೊಂದು ಸಲ, ಇನ್ನೂರ ಅರವತ್ನಾಲ್ಕು ಮೊಳೆ. ಎಲ್ಲವೂ ನನ್ನ ಕೈಯವು.

ಆ ಹನ್ನೊಂದು ಭಾನುವಾರಗಳಲ್ಲಿ ಇನ್ನೊಂದು ಲೆಕ್ಕವೂ ಬೆಳೆಯುತ್ತಿತ್ತು. ಆಗ ಅದಕ್ಕೆ ಉದ್ದೇಶವೇನೂ ಇರಲಿಲ್ಲ, ಸುಮ್ಮನೆ ಬರೆಯುತ್ತಿದ್ದೆ. ತಿಮ್ಮರಾಜುವಿಗೆ ಒಂದು ಚಾಳಿಯಿತ್ತು. ಒಳಗೆ ತಿರುಗುವ ಚೆಂಡು ಬಂದರೆ ಎಡಗಾಲನ್ನು ವಿಕೆಟ್ಟಿನ ಕಡ್ಡಿಗಳಿಗೆ ಅಡ್ಡವಾಗಿ ತಂದು ನಿಲ್ಲಿಸುತ್ತಿದ್ದ. ಕಡ್ಡಿಗೆ ಹೋಗುವ ಚೆಂಡನ್ನು ಕಾಲಿನಿಂದ ತಡೆದರೆ ಔಟು, ಇದು ಆಟದ ಕಾನೂನು. ಆದರೆ ಅದನ್ನು ಹೇಳಬೇಕಾದವನು ಅಂಪೈರು. ನಮ್ಮ ಕಡೆಯ ಊರುಗಳಲ್ಲಿ ಬ್ಯಾಟು ಹಿಡಿದ ತಂಡದವರೇ ಅಂಪೈರುಗಳನ್ನೂ ನಿಲ್ಲಿಸುತ್ತಿದ್ದರು. ಕಡ್ಡಿ ಹಾರಿದರೆ, ಕ್ಯಾಚು ಹಿಡಿದರೆ ಎಲ್ಲರಿಗೂ ಕಾಣುತ್ತದೆ, ತಪ್ಪಿಸಿಕೊಳ್ಳಲಾಗದು. ಕಾಲಿನ ಔಟು ಅಂಪೈರಿಗೊಬ್ಬನಿಗೇ ಕಾಣುವುದು. ತಮ್ಮ ನಾಯಕನಿಗೆ ಅದನ್ನು ಯಾವ ಅಂಪೈರೂ ಕೊಡುವುದಿಲ್ಲ. ಮದ್ದೂರಿನವರೂ ಕೊಡುವುದಿಲ್ಲ, ಮಳವಳ್ಳಿಯವರೂ ಕೊಡುವುದಿಲ್ಲ. ಕೊಟ್ಟವನೊಬ್ಬನಿದ್ದಾನೆಂದು ನಾನು ಕೇಳಿಯೂ ಇರಲಿಲ್ಲ. ಆ ಹಂಗಾಮಿನಲ್ಲಿ ತಿಮ್ಮರಾಜು ಕಾಲಿಗೆ ಔಟಾಗಬೇಕಾಗಿದ್ದದ್ದು ಒಂಬತ್ತು ಸಲ. ಅದರಲ್ಲಿ ಐದು ನನ್ನ ಚೆಂಡಿಗೆ. ಕೇಳಿದಾಗಲೆಲ್ಲ ಬ್ಯಾಟಿನಿಂದ ಚಾಪೆ ತಟ್ಟಿ, "ಆಚೆ ಓಯ್ತಿತ್ತು, ನಡಿ ನಡಿ," ಎನ್ನುತ್ತಿದ್ದ.

ಫೆಬ್ರವರಿಯಲ್ಲಿ ಸುದ್ದಿ ಬಂತು. ಮಳವಳ್ಳಿಯ ಪಂದ್ಯ ನೋಡಲು ಮೈಸೂರಿನ ಒಂದು ಕ್ಲಬ್ಬಿನಿಂದ ಹಿರಿಯರೊಬ್ಬರು ಬರುತ್ತಾರೆ, ಎರಡೂ ತಂಡಗಳಿಂದ ಒಬ್ಬನನ್ನೇ ಆರಿಸಿಕೊಂಡು ಹೋಗುತ್ತಾರೆ. ಆಯ್ಕೆಯಾದವನಿಗೆ ಮೈಸೂರಿನಲ್ಲಿ ಆಟ, ಅದರ ಜೊತೆಗೆ ಒಂದು ಕೆಲಸ. ತಿಮ್ಮರಾಜುವಿಗೆ ಅಪ್ಪನ ಕಬ್ಬಿನಿಂದ ತಪ್ಪಿಸಿಕೊಳ್ಳಲು ಅದೊಂದೇ ದಾರಿ, ಅದನ್ನವನು ಮುಚ್ಚಿಟ್ಟಿರಲಿಲ್ಲ. ನನಗೂ ಆಸೆಯಿತ್ತು. ನಾನದನ್ನು ಯಾರಿಗೂ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಮಾರ್ಚಿ ನಾಲ್ಕರ ಪುಟದಲ್ಲಿ ಮುಂಚಿತವಾಗಿ 'ನಂಜುಂಡ, ಬೌಲಿಂಗ್' ಎಂದು ಬರೆದು, ಮುಂದೆ ಅಂಕಿಗೆ ಜಾಗ ಬಿಟ್ಟಿದ್ದೆ.

ಫೆಬ್ರವರಿ ಇಪ್ಪತ್ತೆರಡರಂದು ವಾಸುದೇವ ಎಂಬಾತ ಊರಿಗೆ ಬಂದ. ಬೆಂಗಳೂರಿನವನು, ಇಲ್ಲಿ ಒಬ್ಬ ಅಧಿಕಾರಿಯ ಭಾವಮೈದುನ. ತೊಳೆದ ಬಿಳಿ ಪ್ಯಾಂಟು, ಸಣ್ಣ ಮೀಸೆ, ಮಾತಿಗೊಂದು 'ರೀ'. ಅವನ ಪೆಟ್ಟಿಗೆಯಲ್ಲಿ ಎರಡು ಹೊಸ ಚರ್ಮದ ಚೆಂಡುಗಳಿದ್ದವು. ಯುದ್ಧದ ಕಾಲದಲ್ಲಿ ಅದೆಂಥ ದೊಡ್ಡ ವಸ್ತುವೆಂದು ಹೇಳಬೇಕು. ಚೆಂಡು ಎಲ್ಲೂ ಸಿಗುತ್ತಿರಲಿಲ್ಲ. ನಮ್ಮ ಒಂದೇ ಚೆಂಡಿಗೆ ಚಪ್ಪಲಿ ಹೊಲಿಯುವವನ ಹತ್ತಿರ ನಾಲ್ಕು ಸಲ ಹೊಲಿಗೆ ಹಾಕಿಸಿದ್ದೆವು. ಅದು ಬಾಡಿದ ಮೂಸಂಬಿಯ ಹಾಗೆ ಮೆತ್ತಗಾಗಿತ್ತು. ಆ ಭಾನುವಾರ ವಾಸು ಕೆಂಪು ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಾ ಬಂದಾಗ ನಮ್ಮವರೆಲ್ಲ ಸರದಿಯಲ್ಲಿ ಅದನ್ನು ಮೂಸಿ ನೋಡಿದರು. ನಾನೂ ಮೂಸಿದೆ.

ಮಾರ್ಚಿ ಮೂರು, ಶನಿವಾರ ಸಂಜೆ, ಹೋಟೆಲಿನ ಹಿಂದಿನ ಬೆಂಚಿನಲ್ಲಿ ತಿಮ್ಮರಾಜು ಹೆಸರುಗಳನ್ನು ಓದಿದ. ಹನ್ನೊಂದು ಮುಗಿಯಿತು, ನನ್ನದು ಬರಲಿಲ್ಲ. ಹನ್ನೊಂದನೆಯದು ವಾಸುವಿನ ಹೆಸರು.

"ತಿಮ್ಮಣ್ಣ, ನಂದು?"

"ಈ ಸಲ ಒಂದು ಬುಡು ನಂಜ. ಚೆಂಡು ತಂದವ್ನೆ ಅವ್ನು. ಚೆಂಡಿಲ್ದೆ ನಿನ್ ತಲೆ ಇಟ್ಕಂಡು ಆಡಕಾಯ್ತದಾ?"

"ನೀನೇ ಏಳಿದ್ದಲ್ಲ, ಚಾಪೆ ಆಸುದ್ರೆ ಜಾಗ ಅಂತ."

"ಏಳಿದ್ದೆ. ಈಗ ಬ್ಯಾರೆ ಏಳ್ತಾ ಇವ್ನಿ." ಉಳಿದವರ ಕಡೆ ತಿರುಗಿ ನಕ್ಕ. "ಇವನಿಗೆ ಮೊಳೆ ಬಡಿಯಾದು ಬತ್ತದೆ ಅಂತ ಮೈಸೂರ್‌ನವ್ರಿಗೆ ತೋರಿಸ್ಬೇಕೇನ್ರಲಾ?"

ಎಲ್ಲರೂ ನಕ್ಕರು. ಲೆಕ್ಕ ಹೇಳುತ್ತೇನೆ, ಒಂಬತ್ತು ಜನ. ವಾಸು ನಗಲಿಲ್ಲ; ಅವನಿಗೆ ಯಾವ ಮೊಳೆಯೆಂದೇ ಗೊತ್ತಿರಲಿಲ್ಲ.

"ಅಂಪೈರ್ ಆಗು," ಎಂದ ತಿಮ್ಮರಾಜು. "ನಿನ್ನಂಗೆ ಬರ್ದಿಟ್ಕಳೋ ನಿಯತ್ತಿನ ಮನ್ಸ ಬ್ಯಾರೆ ಯಾರವ್ನೆ? ಅಂಗೇ ನಾಳೀಕೆ ಚಾಪೇನೂ ನೀನೇ ಆಸ್ಬುಡು. ಮಾದಪ್ಪಂಗೆ ಬುಟ್ರೆ ಸೊಟ್ಟ ಆಸ್ತಾನೆ."

ಜಾಗ ಹೋದದ್ದಕ್ಕಿಂತ ಆ ಕೊನೆಯ ಮಾತು ನನ್ನ ಎದೆಯಲ್ಲಿ ಕೂತಿತು. ಆಯಿತು ಎಂದೆ. ಅವತ್ತಿನ ಪುಟದಲ್ಲಿ ನೀರಿನ ಅಳತೆ ಬಿಟ್ಟರೆ ಒಂದೇ ಸಾಲಿದೆ: 'ಅಂಪೈರ್ ಆಗುತ್ತೇನೆ.'

ಬೆಳಗ್ಗೆ ಚಾಪೆ ಎಳೆಯುವಾಗ ಒಂದು ಯೋಚನೆ ಬಂತು. ಒಂದು ತುದಿಯಲ್ಲಿ ಎರಡು ಮೊಳೆ ಸಡಿಲ ಬಿಟ್ಟರೆ ಚೆಂಡು ಎಲ್ಲೆಂದರಲ್ಲಿ ಎದ್ದು ಯಾರ ಆಟವೂ ನಡೆಯುವುದಿಲ್ಲ. ಸುತ್ತಿಗೆ ಹಿಡಿದು ಸ್ವಲ್ಪ ಹೊತ್ತು ಕೂತಿದ್ದೆ. ಕೈ ಬರಲಿಲ್ಲ. ಹನ್ನೊಂದು ವಾರ ಎಳೆದ ಚಾಪೆ, ಅದರ ಮೇಲೆ ಅಭಿಮಾನ ಬೆಳೆದುಬಿಟ್ಟಿತ್ತು. ಅದಕ್ಕಿಂತ ಮುಖ್ಯವಾಗಿ, ಚಾಪೆ ಕೆಟ್ಟರೆ ತಿಮ್ಮರಾಜು ಚಾಪೆಯನ್ನು ಬಯ್ಯುತ್ತಾನೆ. ನನಗೆ ಅವನು ನನ್ನನ್ನೇ ಬಯ್ಯಬೇಕಾಗಿತ್ತು. ಇಪ್ಪತ್ನಾಲ್ಕನ್ನೂ ಬಿಗಿಯಾಗಿ ಬಡಿದೆ. ಮಾದಪ್ಪ ಮೇಲೆ ನಡೆದು ನೋಡಿ, "ಮದ್ವೆ ಮನೆ ಚಪ್ಪರ ಇದ್ದಂಗದೆ," ಎಂದ.

ಮಳವಳ್ಳಿಯವರು ಬಂದದ್ದು ಒಂದೂವರೆ ಗಂಟೆ ತಡವಾಗಿ. ಪೆಟ್ರೋಲಿಲ್ಲದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಏರಿನಲ್ಲೆಲ್ಲ ನಿಂತು, ತಂಡದವರೇ ಇಳಿದು ತಳ್ಳಿದ್ದರಂತೆ. ಬಿಳಿ ಅಂಗಿಗಳಲ್ಲಿ ಅರ್ಧ ಕಪ್ಪಾಗಿದ್ದವು. ಮೈಸೂರಿನ ಹಿರಿಯರು ಮಾತ್ರ ರೈಲಿನಲ್ಲಿ ಬಂದು ಬಹಳ ಹೊತ್ತಾಗಿತ್ತು. ಉದ್ದ ಕೋಟು, ಜರಿಪೇಟ, ಕೈಯಲ್ಲೊಂದು ಬೆತ್ತ. ಹೊಂಗೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಯಾರೊಡನೆಯೂ ಹೆಚ್ಚು ಮಾತಾಡದೆ ಕೂತಿದ್ದರು.

ಮಳವಳ್ಳಿ ನೂರ ಹದಿನೇಳಕ್ಕೆ ಮುಗಿಯಿತು. ಊಟವಾದ ಮೇಲೆ ನಮ್ಮವರು ಬ್ಯಾಟು ಹಿಡಿದರು, ನಾನು ಕೋಟು ಹಾಕಿಕೊಂಡು ಅಂಪೈರಾಗಿ ನಿಂತೆ. ಒಂಬತ್ತು ರನ್ನಿಗೆ ಮೊದಲ ವಿಕೆಟ್ಟು ಹೋಗಿ ತಿಮ್ಮರಾಜು ಬಂದ. ನನ್ನನ್ನು ದಾಟುವಾಗ ತಲೆ ಕೂಡ ಆಡಿಸಲಿಲ್ಲ. ಮೂರನೆಯ ಚೆಂಡಿಗೇ ಹೊಂಗೆಮರ ದಾಟಿಸಿದ. ಜರಿಪೇಟ ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಗ್ಗಿದ್ದನ್ನು ನಾನು ನೋಡಿದೆ.

ನನ್ನ ತುದಿಯಿಂದ ಚೆಂಡು ಹಾಕುತ್ತಿದ್ದವರು ಮಳವಳ್ಳಿಯ ಶಾಲೆಯ ಡ್ರಿಲ್ ಮೇಷ್ಟ್ರು ಸಿದ್ದೇಗೌಡರು. ನಲವತ್ತು ದಾಟಿದ ಮನುಷ್ಯ, ಎರಡೇ ಹೆಜ್ಜೆ ಓಡಿ ಹಾಕುವ ನಿಧಾನದ ಚೆಂಡು, ನನ್ನದರ ಹಾಗೇ ಒಳಗೆ ಬರುತ್ತಿತ್ತು. ತಿಮ್ಮರಾಜು ಇಪ್ಪತ್ತೆರಡರಲ್ಲಿದ್ದಾಗ ಆಗಬೇಕಾದ್ದು ಆಯಿತು. ಚೆಂಡು ತಿರುಗಿತು, ಎಡಗಾಲು ಅಡ್ಡ ಬಂತು, ಮೊಣಕಾಲಿನ ಕೆಳಗೆ ಧಪ್ಪೆಂದಿತು. ಹಿಂದೆ ಮೂರೂ ಕಡ್ಡಿ. ಕೋಟಿನ ಜೇಬಿನಲ್ಲಿ ನನ್ನ ಬೆರಳು ತಾನಾಗಿ ನೆಟ್ಟಗಾಯಿತು.

ಮೇಷ್ಟ್ರು ಕೇಳಲಿಲ್ಲ.

ಬೌಲರು ಕೇಳದೆ ಅಂಪೈರು ಔಟು ಕೊಡುವ ಹಾಗಿಲ್ಲ. ಮೇಷ್ಟ್ರಿಗೆ ಪದ್ಧತಿ ಗೊತ್ತು. ನಾಯಕನಿಗೆ ಅವನ ತಂಡದವನೇ ಔಟು ಕೊಡುತ್ತಾನೆಯೆ, ಗಂಟಲು ಯಾಕೆ ನೋಯಿಸಿಕೊಳ್ಳಬೇಕು ಎಂದು ಬಾಯಿ ತೆರೆದವರು ಹಾಗೇ ಮುಚ್ಚಿಕೊಂಡು ಚೆಂಡಿಗಾಗಿ ಕೈಚಾಚಿದರು. ನನ್ನ ಲೆಕ್ಕದಲ್ಲಿ ಅದು ಹತ್ತನೆಯದು. ಎಷ್ಟೋ ಹೊತ್ತು ಕಾದದ್ದು ಕಣ್ಣೆದುರು ಬಂದು, ಯಾರೂ ಕೂಗಲಿಲ್ಲವೆಂದು ಹಾಗೇ ಹೊರಟುಹೋಯಿತು. ಅಲ್ಲಿಯವರೆಗೆ ನಾನು ನನಗೇ ಹೇಳಿಕೊಂಡಿದ್ದೆ: ನಾನು ಏನೂ ಮಾಡುವುದಿಲ್ಲ, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ, ಅಷ್ಟೆ. ಅಷ್ಟು ಸಾಲದೆಂದು ಆಗ ಗೊತ್ತಾಯಿತು.

ಓವರು ಮುಗಿದು ಮೇಷ್ಟ್ರು ತಮ್ಮ ಟೋಪಿ ತೆಗೆದುಕೊಳ್ಳಲು ನನ್ನ ಹತ್ತಿರ ಬಂದರು. ಟೋಪಿ ಕೊಡುತ್ತಾ ನೆಲ ನೋಡಿಕೊಂಡು ಹೇಳಿದೆ. "ಕೇಳುದ್ರೆ ತಾನೇ ಮೇಷ್ಟ್ರೆ ಕೊಡಾದು."

ಅವರು ನನ್ನ ಮುಖ ನೋಡಿದರು. "ನಿಮ್ ಕ್ಯಾಪ್ಟನ್ ಅಲ್ವೇನಪ್ಪ ಅವ್ನು?"

"ಕೇಳಿ ನೋಡಿ."

ಟೋಪಿ ಹಾಕಿಕೊಂಡು ಹೋದರು. ಮುಂದಿನ ಐದು ಓವರು ಏನೂ ಆಗಲಿಲ್ಲ, ತಿಮ್ಮರಾಜು ಇಪ್ಪತ್ತೆರಡರಿಂದ ಮೂವತ್ನಾಲ್ಕಕ್ಕೆ ಹೋದ. ಬಿಸಿಲು ನೆತ್ತಿಯಿಂದ ಸರಿದಿತ್ತು, ಚಾಪೆ ಒಣಗಿ ಬಣ್ಣ ತಿರುಗಿತ್ತು. ಜರಿಪೇಟದವರು ಪಕ್ಕದವರನ್ನು ಏನೋ ಕೇಳಿ ಸಣ್ಣ ಪುಸ್ತಕದಲ್ಲಿ ಬರೆದುಕೊಂಡರು. ಬಹುಶಃ ಹೆಸರು. ಆಮೇಲಿನ ಓವರಿನಲ್ಲಿ ಮೇಷ್ಟ್ರ ಎರಡನೆಯ ಚೆಂಡು ತಗ್ಗಾಗಿ ಬಂತು. ಕಾಲು ಅಡ್ಡ, ಮಧ್ಯದ ಕಡ್ಡಿಗೆ ನೇರ. ಮೇಷ್ಟ್ರು ಪೂರಾ ತಿರುಗಿ ಎರಡೂ ಕೈ ಎತ್ತಿ ಕೇಳಿದರು. ತಿಮ್ಮರಾಜು ಬ್ಯಾಟಿನಿಂದ ಚಾಪೆ ತಟ್ಟುತ್ತಾ, "ನಡೀರಿ ಮೇಷ್ಟ್ರೆ, ಬಿಸ್ಲು ಜಾಸ್ತಿಯಾಗದೆ," ಎಂದು ನಗುತ್ತಿದ್ದ.

ನಾನು ಬೆರಳೆತ್ತಿದೆ.

ಮೈದಾನದಲ್ಲಿ ಯಾರೂ ಅಲುಗಾಡಲಿಲ್ಲ. ಅವರ ವಿಕೆಟ್ ಕೀಪರೂ ಸಂತೋಷಪಡುವುದನ್ನು ಮರೆತು ನನ್ನ ಬೆರಳನ್ನು ನೋಡುತ್ತಾ ನಿಂತ. ತಿಮ್ಮರಾಜುವಿನ ನಗು ಮುಖದಲ್ಲೇ ಉಳಿದು, ಆಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಇಳಿಯಿತು. ನಾನು ಬೆರಳು ಕೆಳಗಿಳಿಸಲಿಲ್ಲ. ಅವನು ಹೊರಟು ನನ್ನನ್ನು ದಾಟಿ ಹೋಗುವವರೆಗೂ ಎತ್ತಿ ಹಿಡಿದೇ ಇದ್ದೆ. ಅಷ್ಟು ಹೊತ್ತು ಹಿಡಿಯುವ ಅಗತ್ಯವಿಲ್ಲವೆಂದು ನನಗೆ ಗೊತ್ತಿತ್ತು. ಹಿಡಿದೆ. ಜೀವನದಲ್ಲಿ ಅಷ್ಟು ಹಗುರವಾಗಿ ಎಂದೂ ಉಸಿರಾಡಿರಲಿಲ್ಲ.

ಅವನ ಜಾಗಕ್ಕೆ ಬಂದವನು ವಾಸು.

ಬಂದ ಎರಡನೆಯ ಓವರು, ನಾಲ್ಕು ರನ್ನು ಮಾಡಿದ್ದ. ಮೇಷ್ಟ್ರು ಅದೇ ಚೆಂಡು ಹಾಕಿದರು. ವಾಸುವಿನ ಕಾಲೂ ಅಲ್ಲೇ, ಕಡ್ಡಿಯೂ ಅಲ್ಲೇ. ತಿಮ್ಮರಾಜುವಿನದಕ್ಕಿಂತ ಸ್ಪಷ್ಟವಾದ ಔಟು. ಈ ಸಲ ಮೇಷ್ಟ್ರಿಗೆ ಭರವಸೆ ಬಂದುಬಿಟ್ಟಿತ್ತು, ಮೈದಾನಕ್ಕೆಲ್ಲ ಕೇಳುವ ಹಾಗೆ ಕೂಗಿದರು.

"ಇಲ್ಲ," ಎಂದೆ.

ಯಾಕೆ ಹಾಗೆಂದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಒಂದಾದ ಮೇಲೊಂದು ಇಬ್ಬರಿಗೆ ಕೊಟ್ಟರೆ ಹೊಟ್ಟೆಕಿಚ್ಚು ಎನ್ನುತ್ತಾರೆ, ಮೊದಲನೆಯದೂ ಸುಳ್ಳಾಗುತ್ತದೆ ಎಂಬ ಭಯವಿತ್ತು. ಹೊಂಗೆಮರದ ಕೆಳಗಿಂದ ನಮ್ಮವರು ನನ್ನನ್ನೇ ನೋಡುತ್ತಿದ್ದರು. ಆದರೆ ನಿಜವಾದ ಕಾರಣ ಇಷ್ಟೇ: ನನ್ನ ಸೇಡಿನ ಪುಟದಲ್ಲಿ ಒಂದೇ ಹೆಸರಿತ್ತು, ಅದು ಮುಗಿದಿತ್ತು. ವಾಸು ನನ್ನ ಜಾಗದಲ್ಲಿ ಆಡುತ್ತಿದ್ದಾನೆ ಎಂಬುದು ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿರಲೇ ಇಲ್ಲ.

ಮೇಷ್ಟ್ರು ನನ್ನ ಹತ್ತಿರ ಬಂದು ಮೆಲ್ಲಗೆ, "ಈಗ್ಲೂ ಕೇಳ್ದೆ ಕಣಪ್ಪ," ಎಂದರು.

ನಾನು ದೂರ ನೋಡಿದೆ.

ವಾಸು ಐವತ್ತೊಂದು ಮಾಡಿ ಔಟಾಗದೆ ಉಳಿದ. ನಾವು ಆರು ವಿಕೆಟ್ಟಿನಿಂದ ಗೆದ್ದೆವು. ನಮ್ಮವರು ಅವನನ್ನು ಹೆಗಲ ಮೇಲೆ ಹೊತ್ತರು. ನಾನು ಚಾಪೆಯ ತುದಿಯಲ್ಲಿ ಕೂತು ಮೊಳೆ ಕೀಳಲು ಶುರುಮಾಡಿದೆ. ಐದನೆಯದೋ ಆರನೆಯದೋ ಮೊಳೆಗೆ ತಿಮ್ಮರಾಜು ಬಂದು ಎದುರು ನಿಂತ.

"ಔಟಾಗಿತ್ತಾ?"

"ಆಗಿತ್ತು."

"ಅದು ನಂಗೂ ಗೊತ್ತು ಕಣ್ಲಾ. ನನ್ ಕಾಲು, ನಂಗೊತ್ತಾಗಾಕಿಲ್ವಾ?" ಕಿತ್ತಿಟ್ಟಿದ್ದ ಮೊಳೆಯೊಂದನ್ನು ಎತ್ತಿ ಎಸೆದ. "ನೀನ್ ಕೊಟ್ಯಲ್ಲ."

"ಚಾಪೆ ಆಸ್ದೋನು ನಾನು," ಎಂದೆ. ಉತ್ತರ ಸರಿಹೊಂದಲಿಲ್ಲವೆಂದು ನನಗೂ ಗೊತ್ತಿತ್ತು. ಅವನು ಚಾಪೆಯ ಮೇಲೆ ಉಗುಳಿ ಹೋದ.

ಪಶ್ಚಾತ್ತಾಪ ಪಟ್ಟೆನೆಂದು ಬರೆದರೆ ಈ ನೋಟ್‌ಬುಕ್ಕಿಗೆ ಮೋಸ. ಎಂಟು ದಿನ ಹೊಟ್ಟೆತುಂಬ ಉಂಡೆ. ತೂಬಿನ ಹತ್ತಿರ ನೀರಿನ ಅಳತೆ ನೋಡುವಾಗ ಒಬ್ಬನೇ ನಗುತ್ತಿದ್ದೆ. ತಿಮ್ಮರಾಜುವಿನ ಮುಖದಿಂದ ಆ ನಗು ಇಳಿದದ್ದನ್ನು ಮತ್ತೆ ಮತ್ತೆ ನೆನೆಸಿಕೊಳ್ಳುತ್ತಿದ್ದೆ, ಬೆಲ್ಲದ ಚೂರನ್ನು ದವಡೆಯಲ್ಲಿಟ್ಟುಕೊಂಡವನ ಹಾಗೆ. ಮುಂದಿನ ಭಾನುವಾರ ಮೈದಾನಕ್ಕೆ ಹೋದರೆ ಯಾರೂ ನನ್ನೊಡನೆ ಮಾತಾಡಲಿಲ್ಲ. ಮಾದಪ್ಪನೊಬ್ಬ ಹತ್ತಿರ ಬಂದು, "ನೀನ್ ಬರ್ಬ್ಯಾಡ್ವಂತೆ ಕಣಪ್ಪ, ಚಾಪೆ ನಾನೇ ಆಸ್ಬೇಕಂತೆ," ಎಂದ. ಹಾಸಿದ್ದ. ಸೊಟ್ಟಗಿತ್ತು. ಅದೂ ನನಗೆ ಖುಷಿಯೇ ಕೊಟ್ಟಿತು.

ಒಂಬತ್ತನೆಯ ದಿನ ಹೋಟೆಲಿನಲ್ಲಿ ಸುದ್ದಿ ಕೇಳಿದೆ. ಮೈಸೂರಿನವರು ತಿಮ್ಮರಾಜುವಿನ ಹೆಸರು ಬರೆದುಕೊಂಡಿದ್ದರಂತೆ, ಆಮೇಲೆ ಹೊಡೆದುಹಾಕಿದರಂತೆ. ಆರಿಸಿಕೊಂಡದ್ದು ವಾಸುವನ್ನು. ಪಂದ್ಯಕ್ಕೆ ಹತ್ತು ದಿನ ಮೊದಲು ರೈಲಿಳಿದವನು, ಒಂದು ಮೊಳೆಯನ್ನೂ ಮುಟ್ಟದವನು, ನಾಲ್ಕಕ್ಕೆ ಔಟಾಗಿದ್ದವನು. ಅವನನ್ನು ಮೈಸೂರಿಗೆ ಕಳಿಸಿದವನು ನಾನು. ಎದುರಿಗಿದ್ದ ಕಾಫಿ ಕುಡಿಯಲಾಗಲಿಲ್ಲ. ಅವತ್ತಿನ ಪುಟದಲ್ಲಿ ನೀರಿನ ಅಳತೆಯೂ ಇಲ್ಲ. ಆ ಒಂದು ದಿನ ನಾನು ತೂಬಿಗೇ ಹೋಗಿರಲಿಲ್ಲ, ಮೇಲಿನವರಿಂದ ಬೈಸಿಕೊಂಡೆ. ಬೇಸಿಗೆ ಮುಗಿಯುವ ಮೊದಲು ಮಳವಳ್ಳಿಯಾಚೆ ಶಿವನಸಮುದ್ರದ ಕಡೆಗೆ ವರ್ಗ ಕೇಳಿ ಹೊರಟುಹೋದೆ.

ಇಷ್ಟೆಲ್ಲ ನೆನೆಯುತ್ತಾ ಮೊನ್ನೆ ಮೈದಾನದ ಅಂಚಿನಲ್ಲಿ ನಿಂತಿದ್ದಾಗ, ಕಲ್ಲುರುಳೆಯ ಮೇಲೆ ಕೂತಿದ್ದ ದಪ್ಪ ಮನುಷ್ಯನೊಬ್ಬ ಕೈಬೀಸಿ ಕರೆದ. ಹತ್ತಿರ ಹೋದ ಮೇಲೆ ಗೊತ್ತಾಯಿತು, ತಿಮ್ಮರಾಜು. ಹೊಟ್ಟೆ ಬಂದಿತ್ತು, ಅಂಗೈ ಕಬ್ಬು ಕಡಿಯುವವರ ಹಾಗೆ ಒರಟಾಗಿತ್ತು. ಈಗಲೂ ಅವನೇ ನಾಯಕನಂತೆ.

"ಕುಂತ್ಕೊ," ಎಂದು ಸರಿದ. ಕೂತೆ. ಆಮೇಲೆ ಅವನೇ ಕೇಳಿದ. "ಪೇಪರ್‌ನಾಗೆ ವಾಸುದು ಫೋಟ ಆಕಿದ್ರು, ನೋಡ್ದಾ?"

"ನೋಡ್ದೆ."

"ನಾನು ಅದ್ರ ಮ್ಯಾಲೆ ಕಳ್ಳೇಕಾಯಿ ಸುಲ್ದೆ." ನಗಲಿಲ್ಲ. "ಒಂದ್ ಕೇಳ್ತೀನಿ, ನಿಜ ಏಳು. ನಂದು ಔಟು, ಬುಡು. ಅವ್ನುದು?"

"ನಾಕು ರನ್ನಿದ್ದಾಗ. ನಡುಮಧ್ಯದ ಕಡ್ಡಿ."

"ಅದ್ನ ಯಾಕ್ಲಾ ಬುಟ್ಟೆ?"

ನಾನು ಅವನ ಬಯ್ಗುಳಕ್ಕೆ ಸಿದ್ಧವಾಗಿ ಬಂದಿದ್ದೆ. ಈ ಪ್ರಶ್ನೆಗೆ ಸಿದ್ಧವಾಗಿರಲಿಲ್ಲ. "ನಿನ್ನೊಬ್ಬನ್ನೇ ಬರ್ಕಂಡಿದ್ದೆ ತಿಮ್ಮಣ್ಣ. ಅವ್ನು ಕಣ್ಣಿಗೇ ಬೀಳ್ಲಿಲ್ಲ."

"ಆಳಾದೋನೆ. ಒಂದ್ ಸಲ ಎತ್ತಿದ್ ಬೆರ್ಳು, ಇನ್ನೊಂದ್ ಸಲ ಎತ್ತಿದ್ರೆ ಸವ್ದೋಯ್ತಿತ್ತಾ?" ಕೆಳಗಿದ್ದ ಒಂದು ಕಲ್ಲನ್ನು ಕಾಲಿನಿಂದ ದೂರ ಒದ್ದ. "ಬರೋ ಬಾನ್ವಾರ ಮೈಸೂರ್‌ನವ್ರು ಬತ್ತಾವ್ರೆ. ಅವ್ನೂ ಬತ್ತಾನೆ. ಅಂಪೈರ್ ಆಗ್ತೀಯಾ?"

"ಅವ್ರು ಬ್ಯಾಟ್ ಇಡಿದ್ರೆ ಅಂಪೈರೂ ಅವ್ರೇ ಅಲ್ವಾ. ನನ್ ಬೆರ್ಳು ಕಟ್ಕಂಡು ಏನ್ ಮಾಡೀಯೆ?" ಎಂದೆ. "ಚೆಂಡು ಕೊಡು. ಅವ್ನ್ ಕಾಲಿಗೆ ಆಕಾಕಿಲ್ಲ, ಕಡ್ಡಿಗೇ ಆಕ್ತೀನಿ. ಯಾರ್ನೂ ಕೇಳಂಗಿರ್ಬಾರ್ದು."

ತಿಮ್ಮರಾಜು ನನ್ನ ಕೈ ನೋಡಿದ, ಮುಖ ನೋಡಿದ. ಮೈದಾನದಲ್ಲಿ ಅವನ ಹುಡುಗರು ಜಾಗಕ್ಕೊಬ್ಬರಂತೆ ನಿಲ್ಲುತ್ತಿದ್ದರು. ನನಗೆ ಅವರಲ್ಲಿ ಅರ್ಧ ಜನರ ಗುರುತಿರಲಿಲ್ಲ.

"ಎಸ್ರೆಲ್ಲ ಬರ್ದಾಗೋಗದೆ ಕಣ್ಲಾ," ಎಂದ. "ಹನ್ನೊಂದೂ ಭರ್ತಿ. ನಿನ್ನ ಸೇರಿಸ್ಬೇಕಾರೆ ಯಾರ್ನಾರ ತಗೀಬೇಕಾಯ್ತದೆ."

"ತಗಿ," ಎಂದೆ.

ಯಾರನ್ನು ಎಂದು ನಾನು ಕೇಳಲಿಲ್ಲ.